ಶೇಷನ ಮೇಲಿನ ದೂರು

ಭೂಮಿ ಒಂದು ಗಳಿಗೆಯೂ ಸುಮ್ಮನಿರದಿದ್ದ ಕಾಲವೊಂದಿತ್ತಂತೆ. ಒಲೆಯ ಮೇಲಿಟ್ಟ ಹಾಲು ಒಲೆಯ ಮೇಲೆ ನಿಲ್ಲದು, ತೊಟ್ಟಿಲಲ್ಲಿ ಮಲಗಿಸಿದ ಮಗು ತೊಟ್ಟಿಲಲ್ಲಿ ಇರದು. ಜನವೆಲ್ಲ ಸೇರಿ ಆದಿಶೇಷನ ಬಳಿ ಹೋಗಿ, “ನಿನಗೆ ಸಾವಿರ ತಲೆ, ನಮಗೆ ಇರೋದು ಒಂದೊಂದೇ ಮನೆ. ಸ್ವಲ್ಪ ಹಿಡ್ಕೊಳ್ಳಪ್ಪ” ಎಂದು ಬೇಡಿಕೊಂಡರು. ಶೇಷ ಭೂಮಿಯನ್ನು ಎತ್ತಿ ತಲೆಯ ಮೇಲಿಟ್ಟುಕೊಂಡ. ಒಂದೇ ಒಂದು ಮಾತು ಕೇಳಿದ: “ಒಂದು ತಲೆ ನೋಯತೊಡಗಿದರೆ ಇನ್ನೊಂದಕ್ಕೆ ಬದಲಾಯಿಸಿಕೊಳ್ಳುತ್ತೇನೆ, ಆಗ ಬಯ್ಯಬೇಡಿ.” ಜನ ಹೂಂಗುಟ್ಟಿ ಮನೆಗೆ ಹೋದರು. ಆಮೇಲೆ ಸೊಸೆ ಉಪ್ಪಿನಕಾಯಿ ಭರಣಿ ಒಡೆದು ಶೇಷ ಅಲ್ಲಾಡಿದ ಎಂದಳು. ಕಳ್ಳ ಗೋಡೆಗೆ ಕನ್ನ ಕೊರೆದು ಶೇಷ ಅಲ್ಲಾಡಿದ ಎಂದ. ಪಾಯಕ್ಕೆ ಹಾಕಬೇಕಾದ ಕಲ್ಲು ಉಳಿಸಿಕೊಂಡ ಮೇಸ್ತ್ರಿಯೂ ಅದನ್ನೇ ಹೇಳಿದ. ಶೇಷನಿಗೆ ಎಲ್ಲವೂ ಕೇಳಿಸುತ್ತಿತ್ತು.

“ಮತ್ತೆ ಅವನ್ಯಾಕೆ ಸುಮ್ನಿದ್ದ, ಅಜ್ಜಿ?”

“ಬಾಯಿ ತೆಗೆದ್ರೆ ಹೆಡೆ ಅಲ್ಲಾಡುತ್ತಲ್ಲೇ ಕೂಸೆ. ಭೂಮಿ ಬಿದ್ದೋಗಲ್ವಾ?”

ಅಜ್ಜಿಯ ಕತೆ ಅಲ್ಲಿಗೇ ನಿಲ್ಲುತ್ತಿತ್ತು. ಹೆಸರು ತುಳಸಮ್ಮ, ನನ್ನ ಅಪ್ಪನ ತಾಯಿ. ಚಾಮರಾಜಪೇಟೆಯ ನಮ್ಮ ಮನೆಗೆ ಸೊಸೆಯಾಗಿ ಬಂದು, ಅದೇ ಕೆಂಪು ಗಾರೆಯ ನೆಲದ ಮೇಲೆ ನನಗೆ ಅನ್ನ ಕಲಸಿ ಕೈತುತ್ತು ಹಾಕುತ್ತ ಈ ಕತೆಗಳನ್ನೆಲ್ಲ ಹೇಳಿದವಳು. ನಾನು ತುತ್ತು ಬಾಯಲ್ಲಿಟ್ಟುಕೊಂಡು ನೆಲಕ್ಕೆ ಕಿವಿಗೊಡುತ್ತಿದ್ದೆ. ಕೆಳಗೆ ಯಾರೋ ಉಸಿರಾಡಿದಂತೆ ಕೇಳಿಸುತ್ತಿತ್ತು. ಈಗಲೂ ಕೇಳಿಸುತ್ತದೆ ಎಂದರೆ ಅಮ್ಮ, “ಶರಣ್ಯ, ವಯಸ್ಸೆಷ್ಟಾಯ್ತು ನಿಂಗೆ?” ಎನ್ನುತ್ತಾಳೆ.

ಅಪ್ಪ ಚಕ್ರಪಾಣಿ ಶೇಷಾದ್ರಿಪುರಂನ ಹೈಸ್ಕೂಲೊಂದರಲ್ಲಿ ಭೂಗೋಳದ ಮೇಷ್ಟ್ರಾಗಿದ್ದು ನಿವೃತ್ತರಾದವರು. ಅವರಿಗೂ ಅಜ್ಜಿಗೂ ಶೇಷನ ವಿಷಯದಲ್ಲಿ ದಿನಾ ಜಟಾಪಟಿ.

“ಅಮ್ಮ, ನಾವಿರೋದು ಹಾವಿನ ತಲೆ ಮೇಲಲ್ಲ. ಪ್ಲೇಟ್ ಮೇಲೆ. ದೊಡ್ಡ ಕಲ್ಲಿನ ಪ್ಲೇಟು. ಅದು ಸರೀತಾ ಇರುತ್ತೆ.”

“ತಟ್ಟೇಲಿ ಇಟ್ಟಿದಾರೇನೋ ನಮ್ಮನ್ನ? ಹಾವಿನ ತಲೆಗಿಂತ ಅದು ವಾಸಿನಾ?”

“ಬೆಂಗಳೂರು ಗಟ್ಟಿ ಬಂಡೆ ಮೇಲಿದೆ ಅಮ್ಮ. ದಖ್ಖನ್ ಪ್ರಸ್ಥಭೂಮಿ. ಇಲ್ಲಿ ಭೂಕಂಪ ಆಗೋದೇ ಇಲ್ಲ.”

“ಆಗೋದೇ ಇಲ್ಲ ಅಂದ್ಮೇಲೆ ಮಕ್ಕಳಿಗೆ ಬಾಗಿಲ ಕೆಳಗೆ ನಿಂತ್ಕೋ ಅಂತ ಯಾಕೋ ಹೇಳ್ಕೊಡ್ತಿದ್ದೆ?”

“ಪರೀಕ್ಷೇಲಿ ಕೇಳ್ತಾರೆ, ಅದಕ್ಕೆ” ಎನ್ನುತ್ತಿದ್ದರು ಅಪ್ಪ. ಪ್ರತಿ ವರ್ಷ ತರಗತಿಯಲ್ಲಿ ಮಕ್ಕಳನ್ನು ಎಬ್ಬಿಸಿ ಬಾಗಿಲ ಚೌಕಟ್ಟಿನ ಕೆಳಗೆ ಒತ್ತೊತ್ತಾಗಿ ನಿಲ್ಲಿಸುವುದು ಅವರಿಗೆ ಪ್ರಿಯವಾದ ಪಾಠ. ಮನೆಯಲ್ಲೂ ಅಷ್ಟೆ. ನಡುಮನೆಗೂ ಅಡುಗೆಮನೆಗೂ ನಡುವಿನ ತೇಗದ ಚೌಕಟ್ಟನ್ನು ತಟ್ಟಿ, “ಮನೆಯೆಲ್ಲ ಬಿದ್ರೂ ಇದು ನಿಲ್ಲುತ್ತೆ, ನೆನಪಿಟ್ಕೊಳ್ಳಿ” ಎನ್ನುತ್ತಿದ್ದರು. ಅಜ್ಜಿ ನಗುತ್ತಿದ್ದಳು. ಆದರೆ ಮಗ ಮೇಷ್ಟ್ರು, ಹೇಳಿದ್ದನ್ನು ನೆನಪಿಟ್ಟುಕೊಂಡಳು.

ಅಪ್ಪನ ಪ್ಲೇಟಿನ ಪಾಠಕ್ಕೆ ನಗು ಬರದಿದ್ದದ್ದು ಅಮ್ಮ ಯಶೋಧರಾಗೆ ಮಾತ್ರ. ಅವಳ ತವರು ಕುಂದಾಪುರದ ಕಡೆಯ ಕಡಲಂಚು. ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲಿ ಅವರ ತೆಂಗಿನ ತೋಟ ಒಂದೊಂದೇ ಸಾಲಾಗಿ ಸಮುದ್ರಕ್ಕೆ ಹೋಯಿತು. ಸೋದರಮಾವ ಗಾಬರಿಯಾಗಿ ಫೋನು ಮಾಡಿದಾಗ ಅಪ್ಪ ಅಟ್ಲಾಸು ತೆಗೆದಿಟ್ಟುಕೊಂಡು, ಪ್ಲೇಟು ಸರಿಯುತ್ತದೆ, ಕರಾವಳಿ ಕುಸಿಯುತ್ತದೆ, ದ್ವಾರಕೆಯೇ ಮುಳುಗಲಿಲ್ಲವೇ, ಪ್ರಕೃತಿಯ ಮುಂದೆ ನಾವೆಷ್ಟರವರು ಎಂದು ಒಂದು ಪೀರಿಯಡ್ಡು ಪಾಠ ಮಾಡಿದರು. ಭಾವ ಓದಿದವರು ಎಂದು ಮಾವ ನಂಬಿದ. ಪಕ್ಕದ ಊರಿನಲ್ಲಿ ದೋಣಿಗಳಿಗಾಗಿ ಕಡಲಿನೊಳಕ್ಕೆ ಕಲ್ಲಿನ ಗೋಡೆ ಕಟ್ಟಿದ್ದರು. ಅಲೆಯ ಜೊತೆ ದಡಗುಂಟ ಬರಬೇಕಾದ ಮರಳು ಆ ಗೋಡೆಯ ಆಚೆಗೇ ನಿಂತುಬಿಟ್ಟಿತ್ತು. ಮರಳು ಬಾರದ ದಡವನ್ನು ಕಡಲು ತಿಂದಿತ್ತು. ಅದು ಗೊತ್ತಾಗುವ ಹೊತ್ತಿಗೆ ದೂರು ಕೊಡಲು ತೋಟವೇ ಇರಲಿಲ್ಲ. ಅಮ್ಮ ಆ ವಿಷಯವನ್ನು ಅಪ್ಪನೆದುರು ಎತ್ತಿದವಳಲ್ಲ. ತೆಂಗಿನಕಾಯಿ ಕೊಳ್ಳುವಾಗ ಮಾತ್ರ ಅವಳ ಮುಖ ಬಿಗಿಯುತ್ತಿತ್ತು.

ಕಳೆದ ಚಳಿಗಾಲದಲ್ಲಿ ನಮ್ಮ ಪಕ್ಕದ ಹಳೇ ಮನೆ ಕೆಡವಿದರು. ಕೊಂಡವನು ನಿಶಾಂತ್, ಬಿಲ್ಡರ್ ದೊಡ್ಡಬೈರಪ್ಪನವರ ಮಗ, ಒಂದು ಕಾಲಕ್ಕೆ ಅಪ್ಪನ ವಿದ್ಯಾರ್ಥಿ. ಕಾರು ನಿಲ್ಲಿಸಲು ನೆಲದೊಳಗೇ ಎರಡು ಅಂತಸ್ತು ಬೇಕೆಂದು ನಮ್ಮ ಅಡುಗೆಮನೆ ಗೋಡೆಗೆ ಅಂಟಿಕೊಂಡಂತೆ ಗುಂಡಿ ತೋಡಿಸಿದ. ಬಂಡೆ ಒಡೆಯುವ ಯಂತ್ರದ ಸದ್ದಿಗೆ ಅಟ್ಟದ ಮೇಲಿನ ಪಾತ್ರೆಗಳು ಬೆಳಗಿನಿಂದ ಸಂಜೆಯವರೆಗೆ ಗುನುಗುತ್ತಿದ್ದವು. ಗುಂಡಿಯ ಬದಿಗೆ ಆಸರೆಯಾಗಿ ಏನನ್ನೂ ಕಟ್ಟಿರಲಿಲ್ಲ.

“ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಸಾರ್, ಯುಗಾದಿ ಒಳಗೆ ಮುಗಿಸ್ಬಿಡ್ತೀನಿ” ಎಂದು ಅಪ್ಪನ ಕಾಲು ಮುಟ್ಟಿ ಹೋದ. ಅಪ್ಪನಿಗೆ ಕಾಲು ಮುಟ್ಟಿದವರ ಮೇಲೆ ಸಂಶಯ ಬರುವುದಿಲ್ಲ.

ಹೋಳಿ ಹುಣ್ಣಿಮೆಗೆ ಚಂದ್ರಗ್ರಹಣ. ನಮ್ಮ ಮನೆಯಲ್ಲಿ ಗ್ರಹಣವೆಂದರೆ ಒನಕೆ. ಹಿತ್ತಾಳೆ ತಟ್ಟೆಯಲ್ಲಿ ನೀರು ತುಂಬಿ ಅಡುಗೆಮನೆಯ ನೆಲದಲ್ಲಿಟ್ಟು, ಅದರ ನಡುವೆ ಅಜ್ಜಿ ಒನಕೆ ನಿಲ್ಲಿಸಿ ಕೈಬಿಡುತ್ತಾಳೆ. ಗ್ರಹಣ ಹಿಡಿದಿರುವವರೆಗೂ ಅದು ತಾನಾಗಿ ನಿಂತಿರುತ್ತದೆ, ಗ್ರಹಣ ಬಿಟ್ಟಾಗ ಬೀಳುತ್ತದೆ ಎಂಬುದು ಅವಳ ನಂಬಿಕೆ. ಗ್ರಹಣ ಬಿಡುವ ಹೊತ್ತಿಗೆ ಅವಳೇ ಎತ್ತಿಡುತ್ತಿದ್ದುದರಿಂದ ಬೀಳುತ್ತದೋ ಇಲ್ಲವೋ ಯಾರೂ ನೋಡಿರಲಿಲ್ಲ. ನಿಲ್ಲುವುದನ್ನು ಮಾತ್ರ ಹುಟ್ಟಿದಾಗಿನಿಂದ ನೋಡಿದ್ದೆ.

ಆ ಸಲ ಒನಕೆ ನಿಲ್ಲಲಿಲ್ಲ. ಅಜ್ಜಿ ಕೈಬಿಟ್ಟಾಗಲೆಲ್ಲ ಗುಂಡಿಯ ಕಡೆಯ ಗೋಡೆಗೆ ವಾಲಿ ಬಿತ್ತು. ತಟ್ಟೆಯ ನೀರು ಒಂದೇ ಅಂಚಿನಿಂದ ಚೆಲ್ಲಿತು.

“ಏನೋ ಸರಿಯಿಲ್ಲ ಕಣೋ ಪಾಣಿ” ಎಂದಳು ಅಜ್ಜಿ. “ಇಷ್ಟು ವರ್ಷ ನಿಂತಿದ್ದು ಇವತ್ತು ಯಾಕೆ ನಿಲ್ತಿಲ್ಲ?”

ಅಪ್ಪ ಈ ದಿನಕ್ಕಾಗಿಯೇ ಕಾದಿದ್ದವರಂತೆ ಎದ್ದರು. ಗ್ರಹಣ ಬಿಡುವುದನ್ನು ಟೀವಿಯಲ್ಲಿ ನೋಡಿ ಖಾತ್ರಿ ಮಾಡಿಕೊಂಡು, ಒನಕೆಯನ್ನೂ ತಟ್ಟೆಯನ್ನೂ ಬೀದಿ ಬದಿಯ ಜಗುಲಿಗೆ ತಂದರು. ನಿಲ್ಲಿಸಿ ಕೈಬಿಟ್ಟರು. ನಿಂತಿತು.

“ನೋಡಮ್ಮ! ಗ್ರಹಣ ಬಿಟ್ಟಾಯ್ತು, ಇನ್ನೂ ನಿಂತಿದೆ. ತಳ ಸಮ ಇದ್ರೆ ಯಾವತ್ತು ಬೇಕಾದ್ರೂ ನಿಲ್ಲುತ್ತೆ. ರಾಹುವೂ ಇಲ್ಲ, ಕೇತುವೂ ಇಲ್ಲ. ಇಷ್ಟು ವರ್ಷ ಹೇಳಿದ್ನಲ್ಲ!”

ಎದುರುಮನೆ ವಿಶಾಲಮ್ಮನೂ ಬಂದು ನೋಡಿ, “ಮೇಷ್ಟ್ರು ಹೇಳೋದು ಸರಿ ಬಿಡ್ರಮ್ಮ” ಎಂದರು. ಅಪ್ಪ ಬಹಳ ಖುಷಿಯಲ್ಲಿದ್ದರು. ನಾನೂ ಚಪ್ಪಾಳೆ ತಟ್ಟಿದೆ. ಜಗುಲಿಯಲ್ಲಿ ನಿಂತದ್ದು ಅಡುಗೆಮನೆಯಲ್ಲಿ ಯಾಕೆ ನಿಲ್ಲಲಿಲ್ಲ ಎಂದು ಕೇಳಿದವಳು ಅಜ್ಜಿ ಒಬ್ಬಳೇ.

“ಅಲ್ಲಿ ನೀನು ಭಯಪಟ್ಟು ಕೈ ನಡುಗಿಸ್ದೆ” ಎಂದರು ಅಪ್ಪ. ಅಷ್ಟಕ್ಕೆ ಮುಗಿಯಿತು. ಅಡುಗೆಮನೆಯ ನೆಲವೇ ಗುಂಡಿಯ ಕಡೆಗೆ ವಾಲುತ್ತಿದೆ ಎಂದು ಒನಕೆ ಹೇಳಿತ್ತು. ನಾವು ಅದರ ಮೇಲೆ ವಾದ ಗೆದ್ದೆವು.

ಯುಗಾದಿಯ ಹಿಂದಿನ ವಾರ ಒಂದು ಸಂಜೆ ಜೋರು ಮಳೆ ಬಂದು ಗುಂಡಿಯಲ್ಲಿ ನೀರು ನಿಂತಿತು. ಮಾರನೆಯ ಬೆಳಿಗ್ಗೆ ಅಮ್ಮ ತರಕಾರಿಗೆ ಹೋಗಿದ್ದಳು. ಅಪ್ಪ ಜಗುಲಿಯಲ್ಲಿ ಪೇಪರು ಓದುತ್ತಿದ್ದರು. ಅಜ್ಜಿ ನಡುಮನೆಯ ಬೆತ್ತದ ಕುರ್ಚಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ನಾನು ಮುಂದಿನ ಕೋಣೆಯ ಕಿಟಕಿಯಲ್ಲಿ ಕೂತು ಏನನ್ನೂ ಮಾಡುತ್ತಿರಲಿಲ್ಲ, ಎಂದಿನಂತೆ.

ಮೊದಲು ಚೀಲ ಹರಿದು ರಾಗಿ ಸುರಿದಂಥ ಸದ್ದು. ಆಮೇಲೆ ನೆಲ ಝುಂ ಎಂದಿತು. ಅಡುಗೆಮನೆಯ ಕಡೆಯಿಂದ ಧೂಳು ನುಗ್ಗಿತು. ಅಜ್ಜಿ ಕೂತಲ್ಲೇ ಕೂತಿದ್ದಳು. ಅಪ್ಪ ಜಗುಲಿಯಿಂದ ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು:

“ಅಮ್ಮಾ, ಭೂಕಂಪ! ಬಾಗಿಲು! ಬಾಗಿಲ ಕೆಳಗೆ ನಿಂತ್ಕೋ!”

ಅಜ್ಜಿ ಸೊಪ್ಪಿನ ಮೊರ ಪಕ್ಕಕ್ಕಿಟ್ಟು ಎದ್ದಳು. ಮಗ ಹೇಳಿದ ಹಾಗೆ ಆ ತೇಗದ ಚೌಕಟ್ಟಿನ ಕೆಳಗೆ ಹೋಗಿ, ಎರಡೂ ಕೈಗಳಿಂದ ಎರಡೂ ಕಡೆ ಹಿಡಿದು ನಿಂತಳು. ಅಡುಗೆಮನೆ ಗುಂಡಿಗೆ ಜಾರಿತು. ಚೌಕಟ್ಟಿನ ಮೇಲಿದ್ದ ಕಲ್ಲಿನ ತೊಲೆ ಅವಳ ಮೇಲೆ ಬಂತು.

ನಡುಮನೆಗೆ ಏನೂ ಆಗಲಿಲ್ಲ. ಬೆತ್ತದ ಕುರ್ಚಿ ಇದ್ದ ಹಾಗೇ ಇತ್ತು.

ಬೀದಿಯವರು ತೊಲೆ ಸರಿಸಿ, ಇನ್ನೂ ಉಸಿರಾಡುತ್ತಿದ್ದ ಅಜ್ಜಿಯನ್ನು ಆಸ್ಪತ್ರೆಗೆ ಸೇರಿಸಿದರು. ಮಧ್ಯಾಹ್ನದ ಹೊತ್ತಿಗೆ ಬೀದಿಯ ವಾಟ್ಸಾಪ್ ಗ್ರೂಪಿನಲ್ಲಿ ನಿಶಾಂತ್ ಸುದ್ದಿ ಹಾಕಿದ್ದ: ಚಾಮರಾಜಪೇಟೆಯಲ್ಲಿ ಲಘು ಭೂಕಂಪನ, ಎಲ್ಲರೂ ಜಾಗ್ರತೆಯಾಗಿರಿ, ದೇವರು ಕಾಪಾಡಲಿ. ಸಂಜೆಗೆ ಬೀದಿಯವರೆಲ್ಲರಿಗೂ ಕಂಪನದ ಅನುಭವ ಆಗಿತ್ತು. ಒಬ್ಬರ ಮನೆಯಲ್ಲಿ ಕುರ್ಚಿ, ಇನ್ನೊಬ್ಬರ ಮನೆಯಲ್ಲಿ ಅಕ್ವೇರಿಯಂ. ಹಿಂದಿನ ರಾತ್ರಿ ನಾಯಿಗಳು ಊಳಿಟ್ಟಿದ್ದವಂತೆ. ಭೂಕಂಪಕ್ಕೆ ಮುಂಚೆ ಬರುವ ಸೆಖೆ ಇತ್ತಂತೆ.

“ನಮ್ಮನೆ ಫ್ಯಾನ್ ಅಲ್ಲಾಡ್ತು ಕಣ್ರೀ” ಎಂದರು ವಿಶಾಲಮ್ಮ.

“ತಿರುಗ್ತಿರೋ ಫ್ಯಾನ್ ಅಲ್ಲಾಡ್ದೆ ಇನ್ನೇನು ಮಾಡುತ್ತೆ?” ಎಂದಳು ಅಮ್ಮ. ಆಸ್ಪತ್ರೆಗೆ ಫ್ಲಾಸ್ಕ್ ತೊಳೆಯುತ್ತಿದ್ದಳು.

“ಹಾಗನ್ಬೇಡಿ. ಚಿಕ್ಕದು ಆದ್ರೆ ದೊಡ್ಡದು ಆಗಲ್ವಂತೆ, ಭೂಮಿ ಒತ್ತಡ ಇಳಿದುಹೋಗುತ್ತಂತೆ. ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು.”

“ಯಾರಿಗೆ?” ಎಂದಳು ಅಮ್ಮ. ವಿಶಾಲಮ್ಮ ಹೊರಟುಹೋದರು.

ಆ ದಿನ ಯಾವ ಕಂಪನವೂ ದಾಖಲಾಗಿರಲಿಲ್ಲ. ಮಾಪನ ಕೇಂದ್ರಕ್ಕೆ ಫೋನು ಮಾಡಿ ನಾನೇ ಕೇಳಿದೆ. ಅಪ್ಪನಿಗೆ ಹೇಳಿದರೆ ಅವರು ಗೋಡೆ ನೋಡುತ್ತ, “ಎಷ್ಟೋ ಚಿಕ್ಕವು ದಾಖಲಾಗಲ್ಲ. ನನ್ನ ಕಾಲ ಕೆಳಗೆ ನೆಲ ನಡುಗಿದ್ದು ನಂಗೆ ಗೊತ್ತಿಲ್ವಾ?” ಎಂದರು. ಬೆಂಗಳೂರಿನಲ್ಲಿ ಭೂಕಂಪ ಆಗುವುದೇ ಇಲ್ಲವೆಂದು ಜೀವನವಿಡೀ ಪಾಠ ಮಾಡಿದವರು ಅವರೇ.

ಆಸ್ಪತ್ರೆಯಲ್ಲಿ ಅಜ್ಜಿಗೆ ಒಮ್ಮೆ ಚೆನ್ನಾಗಿ ಎಚ್ಚರವಾಯಿತು. ಕಿಟಕಿಯಿಂದ ಬೆಳಗಿನ ಬಿಸಿಲು ಅವಳ ಹೊದಿಕೆಯ ಮೇಲೆ ಬಿದ್ದಿತ್ತು. ನಾನೊಬ್ಬಳೇ ಇದ್ದೆ.

“ಭೂಕಂಪ ಅಂತಿದಾರಂತೆ ಎಲ್ರೂ?”

“ಹೂಂ ಅಜ್ಜಿ.”

“ನಿಮ್ಮಪ್ಪ?”

“ಅಪ್ಪಾನೂ.”

ಅವಳು ಸ್ವಲ್ಪ ಹೊತ್ತು ಉಸಿರು ಒಟ್ಟು ಮಾಡಿಕೊಂಡಳು. “ಶೇಷ ತಲೆ ಬದಲಾಯಿಸಿದ್ರೆ ಇಡೀ ಪೇಟೆ ಅಲ್ಲಾಡ್ಬೇಕು. ನಮ್ಮ ಅಡುಗೆಮನೆ ಒಂದನ್ನೇ ಅಲ್ಲಾಡ್ಸೋಕೆ ಅವನೇನು ನಮ್ಮ ಬೀಗನಾ? ಆ ಗುಂಡಿ ಕಣೇ. ಸುಳ್ಳು ದೂರು ಹೊರಿಸ್ತಿದಾರೆ ಅವನ ಮೇಲೆ.”

“ಮಾತಾಡ್ಬೇಡ ಅಜ್ಜಿ, ಸುಸ್ತಾಗುತ್ತೆ.”

“ಅವನು ಮಾತಾಡೋ ಹಾಗಿಲ್ಲ. ನಾನು ಆಡೋಕಾಗಲ್ಲ. ನೀನು ಆಡು. ಅವನ ಹೆಸರು ತೆಗೆಸು ಅದ್ರಿಂದ. ಎಲ್ರ ಮುಂದೆ ತೆಗೆಸು. ಭಾಷೆ ಕೊಡು.”

ಸೂಜಿ ಚುಚ್ಚಿದ ಅವಳ ಕೈಯ ಮೇಲೆ ಕೈಯಿಟ್ಟು ಭಾಷೆ ಕೊಟ್ಟೆ. ಬಹಳ ಸುಲಭವಾಗಿ ಕೊಟ್ಟೆ. ನನ್ನ ಕಣ್ಣ ಮುಂದೆ ಆಗಲೇ ಕತೆ ನಡೆಯುತ್ತಿತ್ತು: ಒಬ್ಬ ಹುಡುಗಿ ತುಂಬಿದ ಸಭೆಯಲ್ಲಿ ಎದ್ದು ನಿಲ್ಲುತ್ತಾಳೆ, ಕೆಟ್ಟವನ ತಲೆ ತಗ್ಗುತ್ತದೆ. ಮರುದಿನ ಅಜ್ಜಿ ಹೋದಳು.

ಸೂತಕದ ದಿನಗಳಲ್ಲಿ ಅಮ್ಮನಿಗೆ ಹೇಳಿದೆ, ಭಾಷೆಯ ವಿಷಯವನ್ನೂ, ಅಪ್ಪ ಕೂಗಿದ್ದನ್ನೂ. ಅವಳು ಸೌತೆಕಾಯಿ ಹೆಚ್ಚುವುದನ್ನು ನಿಲ್ಲಿಸಿದಳು.

“ಇನ್ಯಾರಿಗೆ ಕೇಳಿಸ್ತು?”

“ನಂಗೊಬ್ಬಳಿಗೇ.”

“ಶೇಷನ ತಲೆ ಮೇಲಿಂದ ಇಳಿಸಿದ್ಮೇಲೆ ಅದನ್ನ ಇನ್ಯಾರದಾದ್ರೂ ತಲೆ ಮೇಲೆ ಇಡ್ಲೇಬೇಕಲ್ಲ. ಆ ಹುಡುಗನ ಮೇಲೆ ಮಾತ್ರ ಬೀಳುತ್ತೆ ಅಂದ್ಕೊಂಡಿದೀಯಾ? ಭೂಕಂಪ ಆಗಿದ್ರೆ ನಿಮ್ಮಪ್ಪ ತಾಯೀನ ಉಳಿಸೋಕೆ ನೋಡ್ದೋರು. ಆಗಿಲ್ಲ ಅಂದ್ರೆ?” ಆಮೇಲೆ ಮತ್ತೆ ಹೆಚ್ಚತೊಡಗಿದಳು. “ನನ್ನ ತವರಿಗೆ ಪ್ಲೇಟು ಅಂದಾಗ ಅನುಮಾನ ಬಂದ್ರೂ ನಾನು ಬಾಯಿ ಬಿಡ್ಲಿಲ್ಲ. ಬಿಟ್ಟಿದ್ರೆ ನಾಲ್ಕು ಮರನಾದ್ರೂ ಉಳೀತಿತ್ತೇನೋ. ನಿಂಗೆ ಹೇಳು ಅಂತಾನೂ ಅನ್ನಲ್ಲ, ಬೇಡ ಅಂತಾನೂ ಅನ್ನಲ್ಲ.”

ವೈಕುಂಠ ಸಮಾರಾಧನೆ ಮುಗಿದ ಮರುದಿನ ಮಹಜರಿಗೆ ಬಂದರು. ಪಾಲಿಕೆಯ ಎಂಜಿನಿಯರ್ ಒಬ್ಬರು, ಜೊತೆಗೆ ಒಬ್ಬ ಪೊಲೀಸು. ಸಾಕ್ಷಿಗೆಂದು ಬೀದಿಯವರು ನಮ್ಮ ಜಗುಲಿಯಲ್ಲಿ ಸೇರಿದ್ದರು. ನಿಶಾಂತ್ ಬಿಳಿ ಅಂಗಿ ತೊಟ್ಟು ಬಂದು ಅಪ್ಪನ ಕಾಲು ಮುಟ್ಟಿ, ಅವರ ಕುರ್ಚಿಯ ಪಕ್ಕದಲ್ಲೇ ನಿಂತುಕೊಂಡ.

ಎಂಜಿನಿಯರ್ ಬರೆದುಕೊಂಡಿದ್ದನ್ನು ಓದಿದರು: “‘ಲಘು ಭೂಕಂಪನದಿಂದ ಗೋಡೆ ಕುಸಿದು’ ಅಂತ ಸಾಕ್ಷಿಗಳೆಲ್ಲ ಹೇಳಿದಾರೆ. ಮನೆ ಯಜಮಾನರದ್ದೊಂದು ಹೇಳಿಕೆ, ಒಂದು ಸಹಿ. ಅಷ್ಟೇ.”

“ಭೂಕಂಪನ ಆಗಿಲ್ಲ ಸಾರ್” ಎಂದೆ. ನನ್ನ ದನಿ ಕತೆಯಲ್ಲಿದ್ದ ಹುಡುಗಿಯ ದನಿಯಂತಿರಲಿಲ್ಲ. “ಆ ದಿನ ಎಲ್ಲೂ ದಾಖಲಾಗಿಲ್ಲ. ಗುಂಡಿಗೆ ಆಸರೆ ಕಟ್ಟಿರ್ಲಿಲ್ಲ, ನೀರು ನಿಂತಿತ್ತು, ನಮ್ಮ ಪಾಯದ ಮಣ್ಣು ಅದ್ರೊಳಗೆ ಜಾರ್ತು. ಅಡುಗೆಮನೆ ನೆಲ ಮೊದ್ಲೇ ವಾಲಿತ್ತು.”

“ಪಾಪ, ಅಜ್ಜಿ ಅಂದ್ರೆ ಪ್ರಾಣ ಇವ್ರಿಗೆ” ಎಂದ ನಿಶಾಂತ್, ಮೆಲ್ಲಗೆ. “ಸಾರ್, ಒಂದೇ ಮಾತು. ಅಜ್ಜಿ ಸಿಕ್ಕಿದ್ದು ಎಲ್ಲಿ? ಬಾಗಿಲ ಚೌಕಟ್ಟಿನ ಕೆಳಗೆ. ಚೌಕಟ್ಟು ಹಿಡ್ಕೊಂಡು ನಿಂತಿದ್ರು. ಭೂಕಂಪ ಅಂತ ಗೊತ್ತಾಗ್ದೆ ಯಾರಾದ್ರೂ ಹೋಗಿ ಅಲ್ಲಿ ನಿಲ್ತಾರಾ?”

ಜಗುಲಿಯವರೆಲ್ಲ ಹೌದಲ್ಲ ಎಂದು ಒಬ್ಬರನ್ನೊಬ್ಬರು ನೋಡಿದರು. ಎಂಜಿನಿಯರ್ ತಲೆಯಾಡಿಸಿ ಅದನ್ನೂ ಬರೆದುಕೊಳ್ಳಲು ಹೊರಟರು. ಅಪ್ಪ ನೆಲ ನೋಡುತ್ತ ಕೂತಿದ್ದರು. ಅವರ ಬೋಳಿಸಿದ ತಲೆಯ ಮೇಲೆ ಆಗಷ್ಟೇ ಬಿಳಿ ಕೂದಲು ಮೊಳೆಯುತ್ತಿತ್ತು. ನಾನು ಸುಮ್ಮನಿದ್ದುಬಿಟ್ಟರೆ ಈ ತಲೆಯ ಮೇಲೆ ಯಾವ ಭಾರವೂ ಬೀಳದೆ ಉಳಿಯುತ್ತದೆ ಎಂದು ನನಗೆ ಅನ್ನಿಸಿತು.

“ಭೂಕಂಪ ಆದ್ರೆ ಚೌಕಟ್ಟಿನ ಕೆಳಗೆ ನಿಲ್ಬೇಕು ಅಂತ ನಿಮಗ್ಯಾರು ಹೇಳ್ಕೊಟ್ರು, ನಿಶಾಂತ್?”

ಅವನು ನಕ್ಕ. “ಇದೇನು ಹೀಗೆ ಕೇಳ್ತೀರಾ? ನಮ್ಮ ಮೇಷ್ಟ್ರೇ. ಒಂಬತ್ತನೇ ಕ್ಲಾಸಲ್ಲಿ.”

“ಅಜ್ಜಿಗೂ ಅವರೇ ಹೇಳ್ಕೊಟ್ಟಿದ್ದು. ನಮ್ಮ ಹಾಗಿನ ಹಳೇ ಮನೇಲಿ ಅದಕ್ಕಿಂತ ಅಪಾಯದ ಜಾಗ ಇಲ್ಲ, ಸಾರ್. ಚೌಕಟ್ಟಿನ ಮೇಲೆ ಕಲ್ಲಿನ ತೊಲೆ ಇತ್ತು. ಅಜ್ಜಿ ಕುರ್ಚೀಲಿ ಕೂತಿದ್ಲು, ಅಲ್ಲೇ ಕೂತಿದ್ರೆ ಬದುಕಿರ್ತಿದ್ಲು. ಅವಳಿಗೇನೂ ಭೂಕಂಪ ಅನ್ಸಿರ್ಲಿಲ್ಲ. ಅಪ್ಪ ಕೂಗಿದ್ರು, ಬಾಗಿಲ ಕೆಳಗೆ ನಿಂತ್ಕೋ ಅಂತ. ಮಗ ಹೇಳಿದ್ದಕ್ಕೆ ಅವಳು ಎದ್ದು ಹೋದ್ಲು.”

ವಿಶಾಲಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ನಿಶಾಂತ್ ಅಪ್ಪನ ಭುಜದ ಮೇಲೆ ಕೈಯಿಟ್ಟು, “ಸಾರ್, ನೀವು ಏನೂ ಹೇಳ್ಬೇಕಾಗಿಲ್ಲ. ಅವ್ರು ಯಾವ್ದೋ ಬೇಜಾರಲ್ಲಿ…” ಎಂದ. ಅಪ್ಪ ಆ ಕೈಯನ್ನು ನೋಡಿದರು. ಆಮೇಲೆ ಅದನ್ನು, ಯಾರದೋ ಮರೆತ ಟವೆಲ್ಲು ತೆಗೆದಿಡುವಂತೆ, ಭುಜದಿಂದ ತೆಗೆದರು.

“ನಾನೇ ಕೂಗಿದ್ದು” ಎಂದರು.

“ಮೇಷ್ಟ್ರೇ, ಹಾಗಾದ್ರೆ ಭೂಕಂಪನ?” ಎಂದರು ಎಂಜಿನಿಯರ್.

“ಆಗಿಲ್ಲ. ಆಗಿದ್ರೆ ಚೆನ್ನಾಗಿತ್ತು.”

ನಾನು ಎಂಜಿನಿಯರ್ ಎದುರಿಗೆ ಹೋಗಿ ನಿಂತು, ಆ ಪದ ತೆಗೀರಿ ಎಂದೆ. ಅವರು ‘ಲಘು ಭೂಕಂಪನದಿಂದ’ ಎಂಬುದರ ಮೇಲೆ ಗೆರೆ ಎಳೆದು, ‘ಪಕ್ಕದ ನಿವೇಶನದಲ್ಲಿ ಆಸರೆಯಿಲ್ಲದೆ ತೋಡಿದ ಗುಂಡಿಗೆ ಪಾಯದ ಮಣ್ಣು ಜಾರಿ’ ಎಂದು ಬರೆದು, ಎಲ್ಲರಿಗೂ ಕೇಳುವಂತೆ ಓದಿದರು. ಅಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ನಿಶಾಂತ್ ಫೋನು ಕಿವಿಗಿಟ್ಟುಕೊಂಡು ಮೆಟ್ಟಿಲಿಳಿದ.

ಅಪ್ಪ ಕನ್ನಡಕ ಹಾಕಿಕೊಂಡು, ಉತ್ತರಪತ್ರಿಕೆ ತಿದ್ದುವಾಗ ಹಾಕುತ್ತಿದ್ದ ಅದೇ ಉದ್ದನೆಯ ಸಹಿ ಹಾಕಿದರು. ಪೆನ್ನು ಹಿಂದಕ್ಕೆ ಕೊಟ್ಟರು.

“ಆಯ್ತೇನೇ?” ಎಂದರು, ನನ್ನ ಕಡೆ ನೋಡದೆ.

“ಆಯ್ತು” ಎಂದೆ.